ಆಫೀಸಿಗೆ ರೂಟರ್ ಸಾಕೇ, ಫೈರ್‌ವಾಲ್ ಬೇಕೇ: ಫೋರ್ಟಿಗೇಟ್ 40ಎಫ್ ವಿಮರ್ಶೆ

ಸಾಮಾನ್ಯ ರೂಟರ್‌ನಲ್ಲೂ ಫೈರ್‌ವಾಲ್ ಇದ್ದೇ ಇರುತ್ತದೆ. ಒಳಗಿನವರು ಕೇಳಿದ್ದಕ್ಕೆ ಬರುವ ಉತ್ತರವನ್ನು ಬಿಟ್ಟು, ಹೊರಗಿನಿಂದ ತಾನಾಗಿ ಬರುವ ಸಂಪರ್ಕವನ್ನು ಅದು ತಡೆಯುತ್ತದೆ. ಆದರೆ ಒಳಗಿನಿಂದ ಹೊರಗೆ ಹೋಗುವುದಕ್ಕೆ ಹೇಳೋರು ಕೇಳೋರು ಇಲ್ಲ. ವೈರಸ್ ಹೊಕ್ಕ ಕಂಪ್ಯೂಟರ್ ಯಾವುದೋ ಸರ್ವರ್‌ಗೆ ಡೇಟಾ ಸಾಗಿಸುತ್ತಿದ್ದರೂ ರೂಟರ್‌ಗೆ ಅದೂ ಬ್ರೌಸಿಂಗೇ. ಬೇರೆ ಫೈರ್‌ವಾಲ್‌ಗೆ ದುಡ್ಡು ಹಾಕಬೇಕಾದರೆ ಮುಖ್ಯವಾಗಿ ಈ ಕಾರಣಕ್ಕೇ ಹಾಕಬೇಕು.

ಸಣ್ಣ ಆಫೀಸಿಗೆ ಫೋರ್ಟಿನೆಟ್ ಕಂಪನಿಯ ಫೈರ್‌ವಾಲ್ ಫೋರ್ಟಿಗೇಟ್ 40ಎಫ್ ಅಚ್ಚುಕಟ್ಟಾದ ಪೆಟ್ಟಿಗೆ: ಐದು ಗಿಗಾಬಿಟ್ ಪೋರ್ಟ್, ಫ್ಯಾನ್ ಇಲ್ಲ, ಸದ್ದಿಲ್ಲ. ಡೇಟಾಶೀಟ್‌ನ 5 ಜಿಬಿಪಿಎಸ್ ನೋಡಿ ಮಾತ್ರ ಖರೀದಿಸಬೇಡಿ. ಐಪಿಎಸ್ (ದಾಳಿ ಗುರುತಿಸಿ ತಡೆಯುವುದು), ಆಂಟಿವೈರಸ್, ಅಪ್ಲಿಕೇಶನ್ ಕಂಟ್ರೋಲ್ ಎಲ್ಲವೂ ಆನ್ ಆದಾಗ ಸಿಗುವುದು 600 ಎಂಬಿಪಿಎಸ್. ಎಸ್‌ಎಸ್‌ಎಲ್ ತಪಾಸಣೆಯ (ಗೂಢಲಿಪಿಯಲ್ಲಿರುವ ಡೇಟಾ ಬಿಚ್ಚಿ ನೋಡುವುದು) ಅಂಕಿ 310 ಎಂಬಿಪಿಎಸ್. ಲೈನ್ 500 ಎಂಬಿಪಿಎಸ್ ಇದ್ದರೆ ಮುಂದಿನ ಮಾಡೆಲ್ 60ಎಫ್ ನೋಡಿ, ಅದರಲ್ಲಿ ಎಸ್‌ಎಸ್‌ಎಲ್ ತಪಾಸಣೆಯ ಅಂಕಿ 630.

ನಿಜವಾದ ಕೊರತೆ 2 ಜಿಬಿ ರ‍್ಯಾಮ್. ಮೆಮೊರಿ 88% ದಾಟಿದರೆ ಪೆಟ್ಟಿಗೆ ಕನ್ಸರ್ವ್ ಮೋಡ್‌ಗೆ, ಅಂದರೆ ಮೆಮೊರಿ ಉಳಿಸಲು ಕೆಲಸ ಕಡಿತ ಮಾಡುವ ಸ್ಥಿತಿಗೆ, ಹೋಗುತ್ತದೆ. ಇದರ ಆಪರೇಟಿಂಗ್ ಸಿಸ್ಟಂ ಫೋರ್ಟಿಓಎಸ್‌ನ 7.4.4 ಆವೃತ್ತಿಯಿಂದ ಈ ಮಾಡೆಲ್‌ನಲ್ಲಿ ಪ್ರಾಕ್ಸಿ (ನಡುವೆ ನಿಂತು ಸಂಪರ್ಕ ಪರೀಕ್ಷಿಸುವ) ಸೌಲಭ್ಯಗಳಿಲ್ಲ, 7.6ರಲ್ಲಿ ಎಸ್‌ಎಸ್‌ಎಲ್ ವಿಪಿಎನ್ (ದೂರದಿಂದ ಆಫೀಸಿನ ನೆಟ್‌ವರ್ಕ್ ಸೇರುವ ಒಂದು ದಾರಿ) ಕೂಡ ಇಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಮೊದಲಿನಿಂದಲೇ ಐಪಿಸೆಕ್ ಎಂಬ ಇನ್ನೊಂದು ಬಗೆಯ ವಿಪಿಎನ್ ಹಾಕಿಕೊಡಿ. 60ಎಫ್‌ಗೂ ಇದೇ ಮಿತಿ ಇದೆ.

ಹೊಸ ಪೆಟ್ಟಿಗೆಯಲ್ಲಿ ಒಳಗಿನಿಂದ ಹೊರಗೆ ಎಲ್ಲವನ್ನೂ ಬಿಡುವ ಒಂದು ಪಾಲಿಸಿ (ನಿಯಮ) ಮೊದಲೇ ಇರುತ್ತದೆ. ಅದನ್ನು ಹಾಗೇ ಬಿಟ್ಟು ಐಪಿಎಸ್, ಆಂಟಿವೈರಸ್‌ನಂಥ ತಪಾಸಣೆಯ ಪ್ರೊಫೈಲ್ ಯಾವುದನ್ನೂ ಜೋಡಿಸದಿದ್ದರೆ ನಿಮ್ಮ ಹತ್ತಿರ ಇರುವುದು ದುಬಾರಿ ರೂಟರ್ ಅಷ್ಟೇ. ಡಿಎನ್‌ಎಸ್ (ಸೈಟ್ ಹೆಸರಿನಿಂದ ವಿಳಾಸ ಹುಡುಕುವುದು), ವೆಬ್‌ಗೆ ಬೇಕಾದ 80, 443 ಮತ್ತು ನಿಮ್ಮ ಮೇಲ್‌ಗೆ ಬೇಕಾದ ಪೋರ್ಟ್ ಮಾತ್ರ ತೆರೆಯಿರಿ. 25 (ಸರ್ವರ್‌ಗಳ ನಡುವಿನ ಮೇಲ್) ಮತ್ತು 445 (ವಿಂಡೋಸ್ ಫೈಲ್ ಹಂಚಿಕೆ) ಹೊರಗೆ ಹೋಗದಂತೆ ಮುಚ್ಚಿ. ಕ್ಯಾಮೆರಾ, ಪ್ರಿಂಟರ್, ಅತಿಥಿಗಳ ವೈಫೈಗೆ ಬೇರೆ ಬೇರೆ ವಿಎಲ್ಯಾನ್ (ನೆಟ್‌ವರ್ಕ್‌ನೊಳಗಿನ ಪ್ರತ್ಯೇಕ ವಿಭಾಗ) ಕೊಡಿ. ನಿಯಮಗಳನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ, ಹಾಗಾಗಿ ಸಡಿಲ ನಿಯಮ ಮೇಲಿದ್ದರೆ ಕೆಳಗಿನ ಬಿಗಿ ನಿಯಮ ದಂಡ. ಯಾವ ನಿಯಮಕ್ಕೂ ಸೇರದ್ದನ್ನು ತಡೆಯುವ ಕೊನೆಯ ಇಂಪ್ಲಿಸಿಟ್ ಡಿನೈಗೆ ಲಾಗ್ ಆನ್ ಮಾಡಿ, ಇಲ್ಲದಿದ್ದರೆ ಏನು ನಿಂತಿತು ಎಂದು ಗೊತ್ತೇ ಆಗುವುದಿಲ್ಲ. ಇಂಟರ್ನೆಟ್ ಕಂಪನಿಯ ಮೋಡೆಮ್ ಅನ್ನು ಬ್ರಿಡ್ಜ್ ಮೋಡ್‌ಗೆ (ಸಂಪರ್ಕವನ್ನು ಹಾಗೇ ದಾಟಿಸುವ ಸ್ಥಿತಿಗೆ) ಹಾಕಿಸದಿದ್ದರೆ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು) ಎರಡು ಸಲ ಆಗಿ ವಿಪಿಎನ್ ಕೈಕೊಡಬಹುದು.

ಎಚ್‌ಟಿಟಿಪಿಎಸ್ ಒಳಗೆ ಇಣುಕಬೇಕೆಂದರೆ ಫೈರ್‌ವಾಲ್‌ನ ರೂಟ್ ಸರ್ಟಿಫಿಕೇಟ್ ಪ್ರತಿ ಕಂಪ್ಯೂಟರ್‌ಗೂ ಹೋಗಬೇಕು, ಬ್ರೌಸರ್ ತಪಾಸಣೆ ತಪ್ಪಿಸಿ ಹೋಗಬಹುದಾದ ಯುಡಿಪಿ 443 ಮುಚ್ಚುವುದು ಒಳ್ಳೆಯದು. ಬ್ಯಾಂಕ್ ಸೈಟ್‌ಗಳಿಗೆ ವಿನಾಯಿತಿ ಕೊಡಿ. ಮೊಬೈಲ್ ಆ್ಯಪ್‌ಗಳು ಬಹುತೇಕ ಈ ಸರ್ಟಿಫಿಕೇಟ್ ಒಪ್ಪುವುದಿಲ್ಲ, ಫೋನ್‌ಗಳನ್ನು ಬೇರೆ ವಿಎಲ್ಯಾನ್‌ನಲ್ಲಿಟ್ಟು ಈ ತಪಾಸಣೆಯಿಂದ ಬಿಟ್ಟುಬಿಡಿ.

ಈ ರಕ್ಷಣಾ ಸೇವೆಗಳ ಚಂದಾ ಮುಗಿದರೆ ಐಪಿಎಸ್ ಹಳೆಯ ಸಿಗ್ನೇಚರ್‌ನಲ್ಲೇ (ದಾಳಿಗಳ ಗುರುತಿನ ಪಟ್ಟಿ) ಉಳಿಯುತ್ತದೆ. ವೆಬ್ ಫಿಲ್ಟರ್ ರೇಟಿಂಗ್ ಸಿಗದೆ ಸೈಟ್‌ಗಳನ್ನೇ ತಡೆಯತೊಡಗುತ್ತದೆ. ನವೀಕರಣದ ದಿನಾಂಕ ಮರೆತ ಆಫೀಸಿನಲ್ಲಿ ಬೆಳಗ್ಗೆ ಕೆಲಸ ನಿಲ್ಲುವುದು ಇದರಿಂದಲೇ. ಅಪ್‌ಡೇಟ್ ಮಾಡದ ಫೈರ್‌ವಾಲ್ ಕೂಡ ಅಪಾಯವೇ: 2024ರ ಸಿವಿಇ-2024-21762 ದೋಷದಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಎಸ್‌ಎಸ್‌ಎಲ್ ವಿಪಿಎನ್ ಮೂಲಕ ನುಗ್ಗಬಹುದಿತ್ತು.

ಹತ್ತು ಜನರೊಳಗಿನ ಆಫೀಸು, ಒಳಗೆ ಸರ್ವರ್ ಇಲ್ಲ, ಕೆಲಸವೆಲ್ಲ ಕ್ಲೌಡ್‌ನಲ್ಲಿ, ಲಾಗ್ ನೋಡುವವರೂ ಯಾರಿಲ್ಲ ಎಂದಾದರೆ ಒಳ್ಳೆಯ ರೂಟರೇ ಸಾಕು. ಯುಪಿಎನ್‌ಪಿ (ಉಪಕರಣಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ), ಹೊರಗಿನಿಂದ ಅಡ್ಮಿನ್ ಲಾಗಿನ್ ಎರಡನ್ನೂ ಆಫ್ ಮಾಡಿ, ಫರ್ಮ್‌ವೇರ್ ಹೊಸದಿರಲಿ, ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ಫಾರ್ವರ್ಡ್ ಮಾಡಲೇಬೇಡಿ. ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ ವ್ಯವಸ್ಥೆ) ಚಾಲೂ ಇದ್ದರೆ ಅದರ ಫೈರ್‌ವಾಲ್ ಕೂಡ ಆನ್ ಇದೆಯೇ ನೋಡಿ, ಅಲ್ಲಿ ನ್ಯಾಟ್‌ನ ಮರೆ ಇರುವುದಿಲ್ಲ.