ಶಾಂತಳ್ಳಿ ದಾರಿಯ ತೋಟದ ಮನೆ: ಸೈಕಲ್ ಸವಾರರ ಬಿಡುವಿನ ದಿನಗಳಿಗೆ ಹೇಗಿದೆ?

ಧಾರವಾಡದಿಂದ ಹೊರಟು ಯಲ್ಲಾಪುರ, ಶಿರಸಿ, ಸಾಗರ, ತೀರ್ಥಹಳ್ಳಿ, ಶೃಂಗೇರಿ, ಮೂಡಿಗೆರೆ, ಸಕಲೇಶಪುರಗಳನ್ನು ಹಾದು ಎಂಟನೆಯ ದಿನ ಸಂಜೆ ಸೋಮವಾರಪೇಟೆ ಮುಟ್ಟಿದಾಗ ನಮ್ಮ ಸೈಕಲ್‌ಗಳು ಸುಮಾರು 500 ಕಿಲೋಮೀಟರ್ ಓಡಿದ್ದವು. ಅಲ್ಲಿಂದ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳ ಮೂಲಕ ಕುಟ್ಟದವರೆಗೆ ಹೋಗುವ ಯೋಜನೆ ನಮ್ಮದಾಗಿತ್ತು. ಅದಕ್ಕೂ ಮೊದಲು ಮೂರು ರಾತ್ರಿ ಒಂದೇ ಕಡೆ ತಂಗಿ, ಎರಡು ದಿನ ಪೆಡಲ್ ಮುಟ್ಟದೆ, ಕೊಡಗಿನ ಜಲಪಾತಗಳನ್ನೂ ಅವು ಧುಮುಕುವ ಕಮರಿಗಳನ್ನೂ ನೋಡಬೇಕೆಂದು ನಾನೂ ನನ್ನ ಗೆಳೆಯನೂ ಹೊರಡುವ ಮೊದಲೇ ತೀರ್ಮಾನಿಸಿದ್ದೆವು. ನಾವು ಉಳಿದದ್ದು ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ದಾರಿಯಲ್ಲಿ, ಅರೇಬಿಕಾ ಕಾಫಿ ತೋಟದ ನಡುವೆ ಇರುವ ಎರಡು ಕೋಣೆಗಳ ಒಂದು ಹೋಮ್‌ಸ್ಟೇಯಲ್ಲಿ. ಇರುವುದೇ ಎರಡು ಕೋಣೆ, ಹೆಸರು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಆದರೂ ಈ ವಿಮರ್ಶೆಯನ್ನು ಬರೆಯುತ್ತಿರುವುದು, ಆ ಭಾಗದಲ್ಲಿ ಮನೆ ಹುಡುಕುವ ಸೈಕಲ್ ಸವಾರರಿಗೆ ಯಾವುದನ್ನು ಮೊದಲು ವಿಚಾರಿಸಬೇಕು ಎಂಬುದು ಇದರಿಂದ ತಿಳಿಯಲಿ ಎಂಬ ಕಾರಣಕ್ಕೆ.

ಕಾರಿನಲ್ಲಿ ಬರುವವರಿಗೆ ಹೋಮ್‌ಸ್ಟೇ ಎಂದರೆ ಮುಖ್ಯವಾಗಿ ಕೋಣೆ, ಊಟ, ಕಿಟಕಿಯಾಚೆಯ ಹಸಿರು. ವಾರಗಟ್ಟಲೆ ಸೈಕಲ್ ತುಳಿಯುತ್ತಿರುವವರ ಬೇಡಿಕೆಗಳು ಬೇರೆ. ಒದ್ದೆಯಾದ ಬಟ್ಟೆಬರೆ ಒಣಗಬೇಕು, ಸೈಕಲ್‌ಗೆ ಬೀಗವಿರುವ ಜಾಗ ಬೇಕು, ಹೊಟ್ಟೆಗೆ ಎರಡು ಪಾಲು ಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, ಊರಿನ ನೀರನ್ನು ಬಲ್ಲವರೊಬ್ಬರು ಇಂದು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ಹೇಳಬೇಕು. ಈ ಕೊನೆಯ ವಿಷಯದಲ್ಲಿ ಈ ಮನೆಗೆ ಸಮನಾದ ಇನ್ನೊಂದನ್ನು ನಮ್ಮ ಇಡೀ ಪ್ರವಾಸದಲ್ಲಿ ನಾನು ಕಾಣಲಿಲ್ಲ.

ಮೊದಲ ಸಂಜೆ ಮಾತ್ರ ನಮಗೆ ಬೇಸರವಾಯಿತು. ಮುಖ್ಯ ರಸ್ತೆಯಿಂದ ಮನೆಗೆ ಒಂದು ಕಿಲೋಮೀಟರ್, ಅಲ್ಲಿಗೆ ಬಂದು ಫೋನ್ ಮಾಡಿದರೆ ಸಾಮಾನಿಗೆ ಜೀಪು ಕಳಿಸುತ್ತೇವೆ ಎಂದು ಮೊದಲೇ ಮಾತಾಗಿತ್ತು. ಆದರೆ ಆ ತಿರುವಿನಲ್ಲಿ ಫೋನಿಗೆ ಸಿಗ್ನಲ್ಲೇ ಇರಲಿಲ್ಲ. ಜಲ್ಲಿ ಎದ್ದುಹೋದ ಕಡಿದಾದ ಏರಿನಲ್ಲಿ, ಚೀಲಗಳನ್ನು ಹೇರಿದ ಸೈಕಲ್‌ಗಳನ್ನು ಮಳೆಯಲ್ಲಿ ತಳ್ಳಿಕೊಂಡು ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಸಿಗ್ನಲ್ ಇಲ್ಲದ ಜಾಗಕ್ಕೆ ಬಂದು ಫೋನ್ ಮಾಡಿ ಎನ್ನುವುದರಲ್ಲಿ ಅರ್ಥವಿಲ್ಲವೆಂದು ನಾನು ಮನೆಯವರಿಗೆ ನೇರವಾಗಿಯೇ ಹೇಳಿದೆ. ಅವರು ತಪ್ಪನ್ನು ಒಪ್ಪಿಕೊಂಡು, ಮುಂದೆ ಬರುವವರಿಗೆ ಸೋಮವಾರಪೇಟೆ ಬಿಡುವಾಗಲೇ ಫೋನ್ ಮಾಡಲು ತಿಳಿಸುತ್ತೇವೆ ಎಂದರು. ನೀವೂ ಹಾಗೆಯೇ ಮಾಡಿ.

ಒಳಗೆ ಹೋದ ಮೇಲೆ ಆ ಬೇಸರ ಹೆಚ್ಚು ಹೊತ್ತು ಉಳಿಯಲಿಲ್ಲ. ಮನೆಯ ಹಿಂಭಾಗದಲ್ಲಿ ಹಳೆಯ ಕಾಲದ ಬಚ್ಚಲುಮನೆಯಿದೆ, ಅಲ್ಲಿ ತಾಮ್ರದ ಹಂಡೆಯ ಕೆಳಗೆ ಸಂಜೆಯಿಂದ ರಾತ್ರಿಯವರೆಗೆ ಸೌದೆ ಉರಿಯುತ್ತಿರುತ್ತದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯ ಅಮ್ಮ ನಮ್ಮ ಶೂಗಳ ಅಡಿಹಾಳೆಗಳನ್ನು ಹೊರಗೆ ತೆಗೆದು, ಒಳಗೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ತುರುಕಿ, ಒಲೆಯ ಬಾಯಿಂದ ಎರಡು ಅಡಿ ದೂರದಲ್ಲಿ ಓರೆಯಾಗಿ ನಿಲ್ಲಿಸಿದ್ದರು. ಮಲಗುವ ಮುನ್ನ ಒಮ್ಮೆ ಎದ್ದುಬಂದು ನೆನೆದ ಕಾಗದವನ್ನು ತೆಗೆದು ಒಣ ಕಾಗದವನ್ನು ತುಂಬಿದರು. "ಬೆಂಕಿಗೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ದೂರ ಇಟ್ಟರೆ ಒಣಗುವುದಿಲ್ಲ" ಎಂದು ಹೇಳಿದ ಅವರ ಲೆಕ್ಕ ಸರಿಯಾಗಿತ್ತು, ಶೃಂಗೇರಿಯಿಂದ ಒದ್ದೆಯಾಗಿಯೇ ಇದ್ದ ಶೂಗಳು ಬೆಳಿಗ್ಗೆ ಪೂರ್ತಿ ಒಣಗಿದ್ದವು. ಕೋಣೆಯ ಗೋಡೆಗಳಲ್ಲಿ ತೇವವಿದೆ, ಹೊದಿಕೆಗೆ ಸ್ವಲ್ಪ ಮುಗ್ಗಲು ವಾಸನೆಯಿದೆ. ಅಕ್ಟೋಬರ್ ಕೊನೆಯಲ್ಲಿ ಕೊಡಗಿನ ಯಾವ ಮನೆಯಲ್ಲೂ ಇದನ್ನು ಪೂರ್ತಿ ತಪ್ಪಿಸಲಾಗದು, ಆದ್ದರಿಂದ ಇದನ್ನು ನಾನು ದೊಡ್ಡ ಕೊರತೆ ಎಂದು ಎಣಿಸುವುದಿಲ್ಲ.

ಸೈಕಲ್‌ಗಳನ್ನು ಕಾಫಿ ಗೋದಾಮಿನಲ್ಲಿ ಇಟ್ಟು ಬೀಗದ ಕೈಯನ್ನು ನಮಗೇ ಕೊಟ್ಟರು. ಕಣದ ಮೂಲೆಯಲ್ಲಿರುವ ನಲ್ಲಿಗೆ ಉದ್ದನೆಯ ಪೈಪಿದ್ದು, ಚೈನು ಮತ್ತು ಬ್ರೇಕುಗಳಿಗೆ ಮೆತ್ತಿದ ಕೆಸರನ್ನು ತೊಳೆಯಲು ಅನುಕೂಲವಾಯಿತು. ಮಲೆನಾಡಿನ ಇಳಿಜಾರುಗಳಲ್ಲಿ ಮಳೆನೀರಿನ ಜೊತೆ ಬರುವ ನುಣ್ಣನೆಯ ಮರಳು ಬ್ರೇಕ್ ಪ್ಯಾಡನ್ನು ಬೇಗ ಸವೆಸುತ್ತದೆ. ನನ್ನ ಹಿಂದಿನ ಚಕ್ರದ ಪ್ಯಾಡ್ ಲೋಹ ಕಾಣುವಷ್ಟು ಸವೆದಿತ್ತು, ಅದು ನನ್ನ ಗಮನಕ್ಕೆ ಬಂದದ್ದು ಇಲ್ಲಿ ಕುಳಿತು ತೊಳೆದಾಗಲೇ. ಬೇರೆ ಪ್ಯಾಡುಗಳು ನಮ್ಮ ಚೀಲದಲ್ಲಿದ್ದವು. ನಿಮ್ಮ ಸೈಕಲ್‌ಗೆ ಹೊಂದುವ ಪ್ಯಾಡುಗಳನ್ನು ನೀವೇ ತರುವುದು ಒಳ್ಳೆಯದು.

ಇನ್ನು ಈ ಮನೆಯ ನಿಜವಾದ ಸೇವೆಯ ವಿಷಯ. ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಮಾಪಕವಿರುವುದು ಕೊಡಗಿನಲ್ಲಿ ಹೊಸದೇನಲ್ಲ, ಅವರು ಈಗಲೂ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಲೆಕ್ಕ ಹಾಕುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಈ ಮನೆಯ ಯಜಮಾನರು ದಿನವೂ ಬೆಳಿಗ್ಗೆ ಎಂಟೂವರೆಗೆ ಅಂಗಳಕ್ಕೆ ಇಳಿದು, ಮಾಪಕದ ಆಲಿಕೆಯನ್ನು ಎತ್ತಿ, ಒಳಗಿನ ನೀರನ್ನು ಗೆರೆಗಳಿರುವ ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಬರೆಯುತ್ತಾರೆ. ಅದೇ ಡೈರಿಯಲ್ಲಿ ಇನ್ನೊಂದು ಕಾಲಂ ಇದೆ, ತೋಟದ ಕೆಳಗಿನ ಹಳ್ಳದ ನೀರಿನ ಬಣ್ಣಕ್ಕಾಗಿ. ನಮ್ಮ ಮೊದಲ ಬೆಳಿಗ್ಗೆ ಮಾಪಕದಲ್ಲಿ ಒಂದು ಇಂಚು ನಲವತ್ತು ಸೆಂಟ್ ಇತ್ತು, ಹಳ್ಳದ ನೀರು ಕೆಂಪಾಗಿತ್ತು. ಆಕಾಶ ಮಾತ್ರ ತಿಳಿಯಾಗಿ ಬಿಸಿಲು ಬಿದ್ದಿದ್ದರಿಂದ ಮಲ್ಲಳ್ಳಿ ಜಲಪಾತಕ್ಕೆ ಹೊರಡಲು ನಾವು ಸಿದ್ಧರಾಗಿಯೇ ಕೆಳಗಿಳಿದಿದ್ದೆವು.

"ಇವತ್ತು ಮಲ್ಲಳ್ಳಿ ಬೇಡ. ಇಲ್ಲಿ ಬಿಸಿಲಿದ್ದರೂ ಆ ನೀರು ಬರುವ ಪುಷ್ಪಗಿರಿ ಬೆಟ್ಟದ ಕಡೆ ಇನ್ನೂ ಸುರಿಯುತ್ತಾ ಇರಬಹುದು, ಮೆಟ್ಟಿಲು ಜಾರುತ್ತದೆ. ಇವತ್ತು ಅಬ್ಬಿಗೆ ಹೋಗಿ ಬನ್ನಿ, ಅಲ್ಲಾದರೆ ನಿಂತು ನೋಡುವುದಷ್ಟೇ" ಎಂದು ಅವರು ಹೇಳಿದರು. ನಮ್ಮನ್ನು ಜೀಪಿನಲ್ಲಿ ಮಲ್ಲಳ್ಳಿಗೆ ಕರೆದೊಯ್ದಿದ್ದರೆ ಅವರಿಗೆ ಬಾಡಿಗೆ ಸಿಗುತ್ತಿತ್ತು. ಅದನ್ನು ಬಿಟ್ಟು, ಸೋಮವಾರಪೇಟೆಯ ಬಸ್ ನಿಲ್ದಾಣದವರೆಗೆ ಹಣ ಪಡೆಯದೆ ತಂದುಬಿಟ್ಟರು.

ಮಾದಾಪುರದ ದಾರಿಯಾಗಿ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ಆಟೋದಲ್ಲಿ ಹೋದೆವು. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ಅಬ್ಬಿ ಎಂದರೆ ಜಲಪಾತ ಎಂದೇ ಅರ್ಥ, ಬ್ರಿಟಿಷರು ಇದನ್ನು ಜೆಸ್ಸಿ ಜಲಪಾತ ಎಂದು ಕರೆದಿದ್ದರು. ಕಾಫಿ, ಏಲಕ್ಕಿ ತೋಟಗಳ ನಡುವಿನ ಮೆಟ್ಟಿಲುಗಳನ್ನು ಇಳಿದರೆ ಎದುರಿಗೇ ನೀರು. ಹಿಂದಿನ ರಾತ್ರಿಯ ಮಳೆಯಿಂದ ಮೈದುಂಬಿದ್ದ ಅದರ ತುಂತುರು ಕಂಬಿಯ ಆಚೆ ನಿಂತವರ ಮುಖಕ್ಕೂ ಎರಚುತ್ತಿತ್ತು. ಜನಜಂಗುಳಿ ವಿಪರೀತ, ನಿಂತು ನೋಡಲು ಐದು ನಿಮಿಷದ ಜಾಗ ಸಿಕ್ಕಿದರೆ ಹೆಚ್ಚು. ಜಲಪಾತವನ್ನು ಮನಸಾರೆ ನೋಡಬೇಕೆನ್ನುವವರು ವಾರಾಂತ್ಯವನ್ನು ತಪ್ಪಿಸಬೇಕು.

ಎರಡನೆಯ ಬೆಳಿಗ್ಗೆ ಮಾಪಕದಲ್ಲಿ ಬರೀ ಐದು ಸೆಂಟ್ ಇತ್ತು, ಹಳ್ಳದಲ್ಲಿ ತಳದ ಕಲ್ಲು ಕಾಣುತ್ತಿತ್ತು. ತಿಂಡಿ ಮುಗಿಸಿ ಒಂಬತ್ತಕ್ಕೆಲ್ಲ ಜೀಪು ಹೊರಟಿತು. ಅಕ್ಟೋಬರಿನಲ್ಲಿ ಗುಡುಗಿನ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ, ಎರಡು ಗಂಟೆಗೆ ಮುಂಚೆ ಮೇಲೆ ಬಂದಿರಬೇಕು ಎಂಬುದು ಯಜಮಾನರ ಕಟ್ಟುನಿಟ್ಟಾದ ಮಾತಾಗಿತ್ತು. ಜಿಗಣೆಗಳಿಗೆಂದು ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು, ಇಬ್ಬರಿಗೂ ಒಂದೊಂದು ಬಿದಿರು ಕೋಲು, ಜೊತೆಗೆ ಬರಲು ಅವರ ಮಗ. ಆ ಕೋಲು ಯಾಕೆ ಎಂಬುದು ಮೆಟ್ಟಿಲು ಇಳಿಯತೊಡಗಿದಾಗ ಗೊತ್ತಾಯಿತು. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಸಂಕುಚಿಸುತ್ತಾ ಬಲ ಹಾಕುತ್ತದೆ, ಮೆಟ್ಟಿಲು ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಎಂಟು ದಿನ ಘಾಟಿ ಹತ್ತಿದ ಕಾಲು ಈ ಕೆಲಸಕ್ಕೆ ಹೊಸದು. ನೂರಾರು ಮೆಟ್ಟಿಲುಗಳಲ್ಲಿ ಅರ್ಧ ಇಳಿಯುವಷ್ಟರಲ್ಲಿ ನನ್ನ ಮೊಣಕಾಲು ನಡುಗುತ್ತಿತ್ತು. ಬಿಡುವಿನ ದಿನವೆಂದು ಇದನ್ನು ಹಗುರವಾಗಿ ಎಣಿಸಬೇಡಿ, ಮಾರನೆಯ ದಿನ ಉದ್ದನೆಯ ಸವಾರಿ ಇಟ್ಟುಕೊಳ್ಳಬೇಡಿ.

ಆದರೆ ಮಲ್ಲಳ್ಳಿಗಾಗಿ ಆ ನೋವನ್ನು ಮತ್ತೊಮ್ಮೆ ಅನುಭವಿಸಲು ನಾನು ಸಿದ್ಧನಿದ್ದೇನೆ. ನಾವು ಹೋದಾಗ ಕಮರಿಯ ತುಂಬ ಮಂಜು ತುಂಬಿ ಏನೂ ಕಾಣುತ್ತಿರಲಿಲ್ಲ, ಮೊರೆತ ಮಾತ್ರ ಎದೆಗೆ ತಾಗುತ್ತಿತ್ತು. ಅರ್ಧ ಗಂಟೆ ಕಾದ ಮೇಲೆ ಮಂಜು ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿ, ಮೊದಲು ಬುಡದ ಕರಿಬಂಡೆ, ಆಮೇಲೆ ಅದರ ಮೇಲೆ ಹರಡಿ ಒಡೆಯುವ ನೀರು, ಕೊನೆಗೆ ಬೆಟ್ಟದ ಅಂಚಿನಲ್ಲಿ ಕುಮಾರಧಾರೆ ನದಿ ಬಾಗಿ ಇಳಿಯುವ ಜಾಗ ಕಂಡಿತು. ಸುಮಾರು 200 ಅಡಿಗಳ ಆ ಇಳಿತವನ್ನು ನೋಡುತ್ತಾ ನಿಂತಾಗ ಪಕ್ಕದ ಬಂಡೆಯ ಸಂದಿನಲ್ಲಿದ್ದ ಒಂದು ಜರಿಗಿಡ, ಗಾಳಿ ಇಲ್ಲದಿದ್ದರೂ, ನೀರಿನ ಬೀಸಿಗೆ ಬಿಡದೆ ಅಲುಗಾಡುತ್ತಿತ್ತು, ಅದರ ಪ್ರತಿ ಎಲೆಯ ತುದಿಯಲ್ಲೂ ಒಂದು ಹನಿ ತುಂಬಿ, ಬಿದ್ದು, ಮತ್ತೆ ತುಂಬುತ್ತಿತ್ತು. 1,700 ಮೀಟರ್‌ಗೂ ಎತ್ತರವಿರುವ ಪುಷ್ಪಗಿರಿಯ ತಪ್ಪಲಿನ ಈ ನೀರು ಪಶ್ಚಿಮಕ್ಕೆ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಹಿಂದಿನ ದಿನ ಅಬ್ಬಿಯಲ್ಲಿ ನಾವು ಕಂಡ ನೀರಾದರೋ ಕಾವೇರಿಯನ್ನು ಸೇರಿ ಪೂರ್ವದ ಕಡಲಿಗೆ ಸಾಗುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ದಿನಗಳಲ್ಲಿ ಎರಡು ಕಡಲುಗಳ ನೀರನ್ನು ನೋಡಿದೆವಲ್ಲ ಎಂದು ಗೆಳೆಯ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ನೀರಿಗೆ ಇಳಿಯಬೇಡಿ. ಮೇಲ್ಭಾಗದಲ್ಲಿ ಮಳೆಯಾದರೆ ಕೆಳಗೆ ನಿಂತವರಿಗೆ ಸುಳಿವೇ ಸಿಗದಂತೆ ನೀರು ಏರುತ್ತದೆ. ಚೆಯ್ಯಂಡಾಣೆ ಬಳಿಯ ಚೇಲಾವರ ಜಲಪಾತದ ಗುಂಡಿಯಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಕೊಡಗಿನವರು ಮತ್ತೆ ಮತ್ತೆ ಕೇಳಿದ್ದಾರೆ. ಯಜಮಾನರ ಮಗ ನಮ್ಮನ್ನು ಕಂಬಿ ದಾಟಲು ಬಿಡಲಿಲ್ಲ, ಅದಕ್ಕಾಗಿ ಅವನಿಗೆ ಕೃತಜ್ಞನಾಗಿದ್ದೇನೆ.

ಊಟದ ಬಗ್ಗೆ ದೂರಿಲ್ಲ. ರಾತ್ರಿ ಕಡಂಬಿಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಕಾಚಂಪುಳಿ ಎಂಬ ಹುಳಿ ಹಾಕಿದ ಪಂದಿ (ಹಂದಿ ಮಾಂಸದ) ಕರಿ, ಮಾಂಸ ತಿನ್ನದ ಗೆಳೆಯನಿಗೆ ಅಣಬೆ ಸಾರು, ಬೆಳಿಗ್ಗೆ ಅಕ್ಕಿ ರೊಟ್ಟಿ ಮತ್ತು ಬೆಲ್ಲದ ಕಾಫಿ. ಎಷ್ಟನೆಯ ರೊಟ್ಟಿ ಎಂದು ಯಾರೂ ಎಣಿಸಲಿಲ್ಲ. ಸೈಕಲ್ ತುಳಿದು ಬಂದವರ ಹಸಿವು ಈ ಅಮ್ಮನಿಗೆ ಅರ್ಥವಾಗುತ್ತದೆ.

ಎರಡನೆಯ ರಾತ್ರಿ ಪಕ್ಕದ ಕೋಣೆಗೆ ಬಂದ ಗುಂಪು ಹನ್ನೊಂದರವರೆಗೆ ಸ್ಪೀಕರ್ ಹಚ್ಚಿ ಕುಳಿತಿತ್ತು. ನಾವು ಹೋಗಿ ಹೇಳಿದ ಮೇಲೆಯೇ ಯಜಮಾನರು ಅದನ್ನು ನಿಲ್ಲಿಸಿದರು. ವಿಶ್ರಾಂತಿಗೆಂದು ಬಂದವರಿಗೆ ನಿದ್ದೆಗಿಂತ ದೊಡ್ಡದಿಲ್ಲ, ಆದ್ದರಿಂದ ರಾತ್ರಿ ಒಂಬತ್ತರ ನಂತರ ಸ್ಪೀಕರ್ ಬೇಡ ಎಂಬ ನಿಯಮವನ್ನು ಅವರು ಮೊದಲೇ ತಿಳಿಸುವುದು ಅಗತ್ಯ. ಬಾಡಿಗೆ ಒಬ್ಬರಿಗೆ ದಿನಕ್ಕೆ 1,800 ರೂಪಾಯಿ, ತಿಂಡಿ ಮತ್ತು ರಾತ್ರಿಯೂಟ ಸೇರಿ. ಮಲ್ಲಳ್ಳಿಗೆ ಜೀಪಿನ ಬಾಡಿಗೆ ಹೋಗಿ ಬರಲು 900. ಹೇಳಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ಸಿಗ್ನಲ್ ಇಲ್ಲದ ಕಾರಣ ಮೊಬೈಲಿನಲ್ಲಿ ಹಣ ಕಳಿಸಲಾಗುವುದಿಲ್ಲ, ನಗದು ಕೈಯಲ್ಲಿರಲಿ.

ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಶುರುವಾದರೆ ಗೋದಾಮು ಮೂಟೆಗಳಿಂದ ತುಂಬುತ್ತದೆ, ಆಗ ಸೈಕಲ್‌ಗೆ ಸೂರಿನ ಕೆಳಗಷ್ಟೇ ಜಾಗ. ಕುಟ್ಟದ ಬಳಿ ಬ್ರಹ್ಮಗಿರಿಯ ಮಡಿಲಲ್ಲಿರುವ ಇರ್ಪು ಜಲಪಾತಕ್ಕೆ ಹೋಗುವವರಿದ್ದೇವೆ ಎಂದು ಹೊರಡುವ ಬೆಳಿಗ್ಗೆ ಹೇಳಿದಾಗ, ಯಜಮಾನರು ಆ ಕಡೆಯ ಮಳೆಯ ಲೆಕ್ಕ ನನ್ನಲ್ಲಿಲ್ಲ ಎಂದು ಹೇಳಿ, ಒಳಗೆ ಹೋಗಿ, ಶ್ರೀಮಂಗಲದಲ್ಲಿ ತೋಟವಿರುವ ತಮ್ಮ ನೆಂಟರೊಬ್ಬರಿಗೆ ಲ್ಯಾಂಡ್‌ಲೈನಿನಲ್ಲಿ ಫೋನ್ ಮಾಡಿದರು. ಅಲ್ಲಿಯ ಮಾಪಕದಲ್ಲಿ ಆ ದಿನ ಹನ್ನೆರಡು ಸೆಂಟ್ ಇತ್ತು.