ಕಾಲೇಜಿಗೆ ಮಾನ್ಯತೆ ಇದೆ ಸರಿ, ನಿಮ್ಮ ಕೋರ್ಸಿಗೆ ಇದೆಯಾ?

ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎರಡನ್ನೂ ಸೇರಿಸಿ ಓದುವ ಎಲೆಕ್ಟ್ರೋಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಗ್ರಿಗೆ ಕಾಲೇಜು ಹುಡುಕುತ್ತಿದ್ದರೆ ಫೀಸು ಕಟ್ಟುವ ಮುಂಚೆ ಇದನ್ನು ಓದಿ. ನಾನು ಓದಿದ ಕಾಲೇಜಿನ ಹೆಸರು ಹೇಳುವುದಿಲ್ಲ. ಅದರ ಬ್ರೋಷರ್ ತುಂಬಾ ‘ಮಾನ್ಯತೆ ಪಡೆದ ಸಂಸ್ಥೆ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಸುಳ್ಳೇನಲ್ಲ, ಆದರೆ ಆ ಮಾನ್ಯತೆ (ಅಕ್ರೆಡಿಟೇಷನ್, ಅಂದರೆ ಗುಣಮಟ್ಟ ನೋಡಿ ಹೊರಗಿನ ಸಂಸ್ಥೆ ಒತ್ತುವ ಮುದ್ರೆ) ಇದ್ದದ್ದು ಅಲ್ಲಿನ ಹಳೇ ಮೆಕ್ಯಾನಿಕಲ್ ಕೋರ್ಸಿಗೆ. ನಮ್ಮದು ಹೊಸ ಕೋರ್ಸು, ಅದಕ್ಕೆ ಅರ್ಜಿಯೇ ಹೋಗಿರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಮಾನ್ಯತೆ ಕೊಡುವುದು ಒಂದೊಂದು ಕೋರ್ಸಿಗೂ ಬೇರೆಬೇರೆಯಾಗಿ, ಅದೂ ಸಾಮಾನ್ಯವಾಗಿ ಮೊದಲ ಬ್ಯಾಚ್ ಪಾಸಾದ ಮೇಲೆ. ಅಡ್ಮಿಷನ್ ಆಫೀಸಿನಲ್ಲಿ ಕೇಳಿದರೆ ‘ಬರುತ್ತೆ ಬಿಡಿ’ ಅಂದುಬಿಡುತ್ತಾರೆ.

ಈ ಬ್ರಾಂಚಿನಲ್ಲಿ ಇನ್ನೊಂದು ತೊಡಕಿದೆ. ಹಲವು ಕಡೆ ಎಲೆಕ್ಟ್ರೋಮೆಕ್ಯಾನಿಕಲ್ ಹೆಸರಲ್ಲಿ ಸಿಗುವುದು ‘ಎಂಜಿನಿಯರಿಂಗ್ ಟೆಕ್ನಾಲಜಿ’ ಡಿಗ್ರಿ, ಅಂದರೆ ಥಿಯರಿಗಿಂತ ಕೈಕೆಲಸಕ್ಕೆ ಒತ್ತು ಕೊಡುವಂಥದ್ದು. ಎಂಜಿನಿಯರಿಂಗ್ ಡಿಗ್ರಿಗಳನ್ನು ದೇಶದಿಂದ ದೇಶಕ್ಕೆ ಒಪ್ಪಿಕೊಳ್ಳಲು 1989ರ ವಾಷಿಂಗ್ಟನ್ ಒಪ್ಪಂದವಿದೆ, ಟೆಕ್ನಾಲಜಿ ಡಿಗ್ರಿಗಳಿಗೆ 2001ರ ಸಿಡ್ನಿ ಒಪ್ಪಂದ. ಎರಡೂ ಒಂದೇ ಅಲ್ಲ. ಟೆಕ್ನಾಲಜಿ ಡಿಗ್ರಿ ಕೀಳು ಅಂತ ನಾನು ಹೇಳುತ್ತಿಲ್ಲ, ಮೆಷಿನ್ ಪಕ್ಕ ನಿಂತು ಕೆಲಸ ಮಾಡಬೇಕು ಅನ್ನುವವರಿಗೆ ಅದೇ ಜಾಸ್ತಿ ಹೊಂದಬಹುದು. ಆದರೆ ಎಂಜಿನಿಯರ್ ಲೈಸೆನ್ಸೋ ಮಾಸ್ಟರ್ಸೋ ಮನಸ್ಸಿನಲ್ಲಿದ್ದರೆ ಸರ್ಟಿಫಿಕೇಟಿನಲ್ಲಿ ಯಾವ ಹೆಸರು ಅಚ್ಚಾಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಪಾಠದ ವಿಷಯಕ್ಕೆ. ಎಲೆಕ್ಟ್ರಿಕಲ್ ವಿಭಾಗದವರು ಬಂದು ಅವರ ಪೇಪರ್ ಮಾಡಿ ಹೋಗುತ್ತಿದ್ದರು, ಮೆಕ್ಯಾನಿಕಲ್‌ನವರು ಬಂದು ಅವರದು, ಎರಡನ್ನೂ ಸೇರಿಸಿ ಹೇಳಿಕೊಡುವವರು ಒಬ್ಬರೂ ಇರಲಿಲ್ಲ. ಲೋಡಿನ ಇನರ್ಷಿಯಾ (ವೇಗ ಬದಲಾಗುವುದಕ್ಕೆ ಅದು ಒಡ್ಡುವ ತಡೆ) ಎಷ್ಟು, ಗೇರ್ ಅನುಪಾತ ಎಷ್ಟಿರಬೇಕು, ಯಾವ ವೇಗದಲ್ಲಿ ಎಷ್ಟು ತಿರುಗಿಸುವ ಬಲ ಸಿಗುತ್ತದೆ ಅಂತ ತೋರಿಸುವ ಟಾರ್ಕ್-ಸ್ಪೀಡ್ ಕರ್ವ್ ನೋಡಿ ಯಾವ ಮೋಟಾರ್ ಆರಿಸಬೇಕು, ಈ ಬ್ರಾಂಚಿನ ಜೀವಾಳವೇ ಇದು ಅಲ್ವಾ? ಅದೇ ಯಾವ ಪೇಪರಿನಲ್ಲೂ ಇರಲಿಲ್ಲ. ಕಂಟ್ರೋಲ್ ಸಿಸ್ಟಮ್ಸ್ ಒಂದು ಸೆಮಿಸ್ಟರಿನಲ್ಲಿ, ಅದಕ್ಕೆ ಬೇಕಾದ ಗಣಿತ, ಲಾಪ್ಲಾಸ್ ಟ್ರಾನ್ಸ್‌ಫಾರ್ಮ್, ಅದರ ಮುಂದಿನ ಸೆಮಿಸ್ಟರಿನಲ್ಲಿ!

ಲ್ಯಾಬಿನ ಕಥೆ ಕೇಳಬೇಡಿ. ಬ್ರೋಷರಿನಲ್ಲಿದ್ದ ಪಿಎಲ್‌ಸಿ (ಕಾರ್ಖಾನೆಯ ಮೆಷಿನ್ ನಡೆಸುವ ಕಂಪ್ಯೂಟರ್) ಕಿಟ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು, ನಮಗೆ ಬರೀ ಸಿಮ್ಯುಲೇಷನ್. ಸಾಫ್ಟ್‌ವೇರಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಮೋಟಾರ್ ಡ್ರೈವಿನ ಪವರ್ ಕೇಬಲ್ ಪಕ್ಕದಲ್ಲೇ ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತು ಅಂತ ಅಳೆಯುವ ಸೆನ್ಸರ್) ಕೇಬಲ್ ಎಳೆದರೆ ಸಿಗ್ನಲ್ ಹೇಗೆ ಕೆಡುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ, ಸುಮ್ನೆ ಬೈಸಿಕೊಂಡು.

ಹಾಗಾಗಿ ಕಾಲೇಜು ನೋಡಲು ಹೋದರೆ ತರಗತಿ ನಡೆಯುವ ದಿನವೇ ಹೋಗಿ. ಓಪನ್ ಡೇ ದಿನ ಎಲ್ಲವೂ ಹೊಳೆಯುತ್ತಿರುತ್ತದೆ. ಕೊನೇ ವರ್ಷದವರು ಯಾರಾದರೂ ಸಿಕ್ಕರೆ, ತ್ರೀ ಫೇಸ್ ಮೋಟಾರಿಗೆ ನೀವೇ ವೈರಿಂಗ್ ಮಾಡಿದ್ದೀರಾ ಅಂತ ಕೇಳಿ. ಮಾನ್ಯತೆ ಕೊಡುವ ಸಂಸ್ಥೆಯ ಸ್ವಂತ ಪಟ್ಟಿ ತೆಗೆದು ಕೋರ್ಸಿನ ಹೆಸರು, ಕ್ಯಾಂಪಸ್, ಯಾವ ವರ್ಷದಿಂದ ಯಾವ ವರ್ಷದವರೆಗೆ ಅನ್ನುವುದನ್ನು ನೋಡಿ. ‘ಪ್ರೋಸೆಸ್‌ನಲ್ಲಿದೆ’ ಅಂದರೆ ಅದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಲು ಹೇಳಿ. ಕೊಡದಿದ್ದರೆ ಮುಂದಿನ ಕಾಲೇಜು ನೋಡಿ.