ಸಿಪ್ಯಾಪ್ ತರುವಾಗ ಮೆಷಿನ್‌ಗಿಂತ ಮಾಸ್ಕ್ ನೋಡಿ

"ಗೊರಕೆ ಇರಲಿ ಬಿಡಿ, ಮಧ್ಯೆ ಉಸಿರೇ ನಿಂತು ಹೋಗುತ್ತೆ ಕಣ್ರೀ, ಭಯ ಆಗುತ್ತೆ" ಎಂದು ನನ್ನ ಹೆಂಡತಿ ಹೇಳಿದ ಮೇಲೆಯೇ ನಾನು ಡಾಕ್ಟರ ಹತ್ತಿರ ಹೋದದ್ದು. ರಾಜಾಜಿನಗರದ ನಮ್ಮ ಮನೆಗೇ ಬಂದು, ಬೆರಳಿಗೆ, ಎದೆಗೆ, ಮೂಗಿಗೆ ವೈರು ಹಾಕಿ ಒಂದು ರಾತ್ರಿಯ ಪರೀಕ್ಷೆ ಮಾಡಿದರು. ಎಎಚ್‌ಐ 38 ಬಂತು. ಅಂದರೆ ಗಂಟೆಗೆ 38 ಸಲ ಉಸಿರು ನಿಲ್ಲುತ್ತಿತ್ತು, ಇಲ್ಲವೇ ತೀರಾ ಕಮ್ಮಿಯಾಗುತ್ತಿತ್ತು. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ.

ಇದಕ್ಕೆ ಬೇಕಾದದ್ದು ಸಿಪ್ಯಾಪ್, ಅಂದರೆ ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳದಂತೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಊದುವ ಮೆಷಿನ್. ಕೊಳ್ಳುವ ಮೊದಲು ಎರಡು ಬಗೆಯ ಮೆಷಿನ್ ಬಾಡಿಗೆಗೆ ತಂದು ನೋಡಿದೆ. ಮೊದಲನೆಯದು ಒಂದೇ ಒತ್ತಡದ್ದು, ರಾತ್ರಿಯಿಡೀ 10ರಲ್ಲೇ (ಒತ್ತಡದ ಅಳತೆ, ಸೆಂ.ಮೀ. ನೀರು) ಗಾಳಿ ಊದುತ್ತದೆ. ಎರಡನೆಯದು ಆಟೋ. 6ರಿಂದ 14ರ ನಡುವೆ ಬೇಕಾದಷ್ಟು ತಾನೇ ಏರಿಸಿ ಇಳಿಸುತ್ತದೆ. ಮಗ್ಗುಲಾಗಿ ಮಲಗಿದಾಗ ನನಗೆ 8 ಸಾಕಿತ್ತು, ಅಂಗಾತ ಮಲಗಿದರೆ 12ಕ್ಕೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿಸಿ ನಿಮಗೆ ಬೇಕಾದ ಒತ್ತಡ ಇಷ್ಟೇ ಎಂದು ಅಳೆದು ಕೊಟ್ಟಿದ್ದರೆ ಮೊದಲನೆಯದು ಸಾಕು, ಬೆಲೆಯೂ ಕಮ್ಮಿ. ನನ್ನದು ಮನೆ ಪರೀಕ್ಷೆ, ಆ ಅಳತೆ ಆಗಿರಲಿಲ್ಲ. ಹಾಗಾಗಿ ಆಟೋ ಕೊಂಡೆ.

ನಿಜವಾದ ಒದ್ದಾಟ ಮಾಸ್ಕ್‌ನದು. ಬಾಡಿಗೆ ಕೊಟ್ಟ ಅಂಗಡಿಯವರು ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಒಂದನ್ನೇ ಕೊಟ್ಟು "ಅಭ್ಯಾಸ ಆಗುತ್ತೆ ಸಾರ್" ಎಂದರು. ಆಗಲಿಲ್ಲ. ಮೂಗಿನ ಮೇಲಿನ ಎಲುಬಿನ ಹತ್ತಿರ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಪಟ್ಟಿ ಬಿಗಿ ಮಾಡಿದೆ, ಇನ್ನೂ ಜಾಸ್ತಿ ಸೋರಿತು. ಮಾಸ್ಕ್‌ನ ಮೆತ್ತೆ ಗಾಳಿ ತುಂಬಿ ಉಬ್ಬಿದಾಗಲೇ ಮುಖಕ್ಕೆ ಕೂರುವುದು. ಬಿಗಿದರೆ ಅದು ಚಪ್ಪಟೆಯಾಗುತ್ತದೆ. ಇದನ್ನು ಯಾರೂ ಹೇಳಿರಲಿಲ್ಲ. ಎರಡು ವಾರ ಮೂಗಿನ ಮೇಲೆ ಕೆಂಪು ಗಾಯ ಹೊತ್ತು ಆಫೀಸಿಗೆ ಹೋಗಿದ್ದೇನೆ.

ಆಮೇಲೆ ನೇಸಲ್ ಪಿಲ್ಲೋ, ಅಂದರೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಎರಡು ಪುಟ್ಟ ಬಿರಡೆ. ಎಷ್ಟು ಹಗುರ ಅಂದರೆ ಕನ್ನಡಕ ಹಾಕಿಕೊಂಡು ಓದಬಹುದು. ಮುಖ ಮುಚ್ಚಿದರೆ ಉಸಿರು ಕಟ್ಟಿದಂತಾಗುವವರು ಮೊದಲು ಇದನ್ನೇ ನೋಡಿ. ನನಗೆ ಮಾತ್ರ ಒತ್ತಡ 11 ದಾಟಿದಾಗ ಹೊಳ್ಳೆಯೊಳಗೆ ಉರಿ.

ಕೊನೆಗೆ ಒಗ್ಗಿದ್ದು ಮೂಗನ್ನಷ್ಟೇ ಮುಚ್ಚುವ ನೇಸಲ್ ಮಾಸ್ಕ್. ಮೀಸೆ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ, ಮೀಸೆ ತೆಳ್ಳಗೆ ಕತ್ತರಿಸಿದೆ. ನಾನು ಬಾಯಲ್ಲಿ ಉಸಿರಾಡುವವನು ಎಂದುಕೊಂಡಿದ್ದೆ. ಕಟ್ಟಿದ ಮೂಗೇ ಕಾರಣವಾಗಿತ್ತು. ಡಾಕ್ಟರು ಹೇಳಿದಂತೆ ಮಲಗುವ ಮುನ್ನ ಉಪ್ಪುನೀರಿನ ಸ್ಪ್ರೇ ಹಾಕಿದ ಮೇಲೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮಾಸ್ಕನ್ನು ಅಂಗಡಿಯಲ್ಲಿ ಕೂತು ನೋಡಬೇಡಿ. ಮಲಗಿ, ಮೆಷಿನ್ ಆನ್ ಮಾಡಿಸಿ, ಎರಡೂ ಮಗ್ಗುಲಿಗೆ ಹೊರಳಿ ನೋಡಿ. ಬದಲಾಯಿಸಿ ಕೊಡುತ್ತಾರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ಗೆ ಬೋರ್‌ವೆಲ್ ನೀರು ಹಾಕಬೇಡಿ, ತೊಟ್ಟಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೇಕು. ಡಿಸೆಂಬರ್ ಚಳಿಯಲ್ಲಿ ಕೊಳವೆಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು. ಹೆಂಡತಿ ಹಳೇ ಕಾಟನ್ ಸೀರೆಯಲ್ಲಿ ಕೊಳವೆಗೆ ಉದ್ದನೆಯ ಚೀಲ ಹೊಲಿದಳು, ನಿಂತಿತು. ಕರೆಂಟು ಹೋದರೆ ಮನೆಯ ಯುಪಿಎಸ್ ಸಾಕು. ನೀರು ಕಾಯಿಸುವುದನ್ನು ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ.

ಸೆಕೆಂಡ್ ಹ್ಯಾಂಡ್ ಮೆಷಿನ್ ನಾನೂ ವಿಚಾರಿಸಿದೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗಬಹುದೆಂದು ಹಲವು ಮಾದರಿಗಳನ್ನು ವಾಪಸ್ ಕರೆದಿತ್ತು. ಹಳೆಯದು ಕೊಳ್ಳುವವರು ಮಾದರಿ, ಸೀರಿಯಲ್ ನಂಬರ್ ನೋಡಲೇಬೇಕು. ನನಗೆ ಧೈರ್ಯ ಬರಲಿಲ್ಲ.

ಈಗ ಎಎಚ್‌ಐ 3ರ ಆಸುಪಾಸು. ಫುಲ್ ಫೇಸ್ ಮಾಸ್ಕನ್ನೂ ಇಟ್ಟುಕೊಂಡಿದ್ದೇನೆ. ನೆಗಡಿಯ ರಾತ್ರಿಗಳಿಗೆ ಅದೇ ಬೇಕು.